ಏಳು ತೆರಪು

ಹಗ್ಗವೊಂದನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಭಾಗಿಸುವುದಕ್ಕೆ ಗಣಿತವೇ ಬೇಕಿಲ್ಲ, ಮಡಚಿದರೆ ಸಾಕು. ಏಳಾಗಿ ಭಾಗಿಸಬೇಕಾದಾಗಲೇ ವಿದ್ಯೆಯ ಪರೀಕ್ಷೆ. ಶುಲ್ಬವೆಂದರೆ ಹಗ್ಗ, ಯಜ್ಞವೇದಿಯನ್ನು ಅಳೆದವರ ಶಾಸ್ತ್ರಕ್ಕೆ ಶುಲ್ಬಸೂತ್ರವೆಂದೇ ಹೆಸರಾಯಿತು. ಆ ಸೂತ್ರಗಳನ್ನು ಕಂಠಪಾಠ ಮಾಡಿದವರಲ್ಲಿ ಹಗ್ಗವನ್ನು ಮುಟ್ಟಿದವರು ಎಷ್ಟು ಮಂದಿಯೋ!

ಹಳ್ಳಿಯ ಮನೆಯೊಂದರ ಹಿತ್ತಲಲ್ಲಿ ಗಾಳಿಗೆ ಉರುಳಿದ ಹಲಸಿನ ಮರದಿಂದ ಕಿಟಕಿಯ ಚೌಕಟ್ಟು ಸಿದ್ಧವಾಗುತ್ತಿತ್ತು. ಯಜಮಾನರ ತಂದೆ ನೆಟ್ಟ ಮರ. ಬಾಗಿಲುಗಳಿಗೆ ಹೋಗಿ ಉಳಿದುದು ಈ ಒಂದು ಕಿಟಕಿಗೆ ಸಾಲುವಷ್ಟೆ. ಒಳ ಅಗಲ 38 ಅಂಗುಲ; ಮುಕ್ಕಾಲಂಗುಲ ದಪ್ಪದ ಸರಳುಗಳು 6; ತೆರಪುಗಳು 7. ಮುದುಕ ಆಚಾರಿಯ ಮೊಮ್ಮಗನು ಶಾಲೆಯಲ್ಲಿ ಗಣಿತಕ್ಕೆ ಬಹುಮಾನ ಪಡೆದವನು. ಅವನು 38ನ್ನು 7ರಿಂದ ಭಾಗಿಸಿ, ಇನ್ನೂ ಕೂಡಿಸದಿದ್ದ ಕೆಳಪಟ್ಟಿಯ ಮೇಲೆ ಆರು ಗುರುತು ಹಾಕಿ, ಬೈರಿಗೆಯನ್ನು ಕೈಗೆತ್ತಿಕೊಂಡನು. ಭಾಗಾಕಾರದಲ್ಲಿ ತಪ್ಪಿರಲಿಲ್ಲ.

“ತಡಿ ಮಗು, ಸರಳಿಗೆ ದಪ್ಪವಿಲ್ಲವೆ?” ಎಂದನು ಮುದುಕ.

ಹುಡುಗನ ಮುಖ ಕೆಂಪಾಯಿತು. ಗುರುತಿನ ಮೇಲೆ ಸರಳಿನ ನಡು ಬಂದರೆ, ಒಳಗಣ ತೆರಪುಗಳು ಸರಳಿನ ಪೂರ್ಣ ದಪ್ಪವನ್ನು ಕಳೆದುಕೊಳ್ಳುತ್ತವೆ. ಕೊನೆಯವೆರಡು ಅರ್ಧವನ್ನು ಮಾತ್ರ. ಕೊನೆಯವು 3/8 ಅಂಗುಲ ಹಿರಿದಾಗಿ ಜೀವಮಾನವೆಲ್ಲ ಅಣಕಿಸುತ್ತಿದ್ದವು. ಕೊರೆದ ಹಲಸು ಮತ್ತೆ ಕೂಡಿಕೊಳ್ಳುವುದಲ್ಲ.

ಮುದುಕನು ಎರಡು ಅಂಚುಗಳಿಂದಲೂ ಹೊರಕ್ಕೆ ಸರಳಿನ ಅರ್ಧ ದಪ್ಪದಷ್ಟು ಗೆರೆಯನ್ನು ಬೆಳೆಸಿದನು. ಉದ್ದ 38¾ ಆಯಿತು. ಕೈವಾರವನ್ನು ಐದೂವರೆಯ ಅಂದಾಜಿಗೆ ತೆರೆದು ಏಳು ಹೆಜ್ಜೆ ನಡೆಸಿದನು. ಕಡೆಯ ಹೆಜ್ಜೆ ಕಾಲಂಗುಲ ಹಿಂದೆ ನಿಂತಿತು. ಆ ಕಾಲಂಗುಲವನ್ನು ಕಣ್ಣಿನಿಂದಲೇ ಏಳು ಪಾಲು ಮಾಡಿ, ಒಂದು ಪಾಲಿನಷ್ಟು ಕೈವಾರವನ್ನು ಅಗಲಿಸಿ ಮತ್ತೆ ನಡೆಸಿದನು. ಈ ಸಲ ಕೂದಲೆಳೆಯಷ್ಟು ಮುಂದೆ ಹೋಯಿತು. ಅದನ್ನೂ ಏಳಾಗಿ ಎಣಿಸಿ ಕೈವಾರವನ್ನು ತುಸು ಮುಚ್ಚಿದನು. ಮೂರನೆಯ ಸಲ ಮೊನೆ ಗೆರೆಯ ಮೇಲೆ ಕುಳಿತಿತು. ಅಳತೆಪಟ್ಟಿಯಲ್ಲಿ ಏಳನೆಯ ಒಂದು ಭಾಗಕ್ಕೆ ಗೆರೆಯೇ ಇಲ್ಲ. ಹತ್ತಿರದ ಗೆರೆಯನ್ನು ಹಿಡಿದವನ ಚಿಲ್ಲರೆಯೆಲ್ಲ ಕಡೆಯ ತೆರಪಿಗೆ ಹೋಗಿ ಸೇರುತ್ತದೆ. ಇಲ್ಲಿಯಾದರೋ ಉಳಿದ ತಪ್ಪನ್ನೇ ಭಾಗಿಸುವುದು. ಆ ಅಂದಾಜು ತುಸು ತಪ್ಪಿದರೂ ಕೆಡುಕು ಅಲ್ಪ.

ಹುಡುಗನು ಹಲಗೆಯ ಚೂರೊಂದರ ಮೇಲೆ ಮೆಲ್ಲಗೆ 38¾ನ್ನು 7ರಿಂದ ಭಾಗಿಸಿದನು. 5 ಅಂಗುಲ, ಮೇಲೆ 28ನೆಯ 15 ಭಾಗ. ತಾತನ ಐದೂವರೆಗೂ ಇದಕ್ಕೂ ಅಂತರ ಒಂದೇ ಭಾಗ. ಅದೇ ಕಾಲಂಗುಲದ ಏಳನೆಯ ಪಾಲು.

“ಸರಿಯಾಗಿದೆ ತಾತ,” ಎಂದನು.

“ನಿನ್ನ ಲೆಕ್ಕ ಒಪ್ಪಿತಲ್ಲ, ಅಷ್ಟು ಸಾಕು,” ಎಂದು ಮುದುಕನು ಮೇಲುಪಟ್ಟಿಯನ್ನು ಜೋಡಿಸಿಟ್ಟು ಗುರುತುಗಳನ್ನು ಅದಕ್ಕೂ ದಾಟಿಸಿ, ಬೈರಿಗೆಯನ್ನು ಹುಡುಗನ ಕೈಗೇ ಕೊಟ್ಟನು.