ಬ್ರೇಕಿಗೆ ಹತ್ತಿದ ಅರಗು

ಸಾವನದುರ್ಗ ಇಳಿಯುವಾಗ ಮೊದಲು ನಡುಗಿದ್ದು ಮಂಡಿ. ಸ್ಟೀರಿಂಗು ನಡುಗಿದ್ದು ಅದಾದ ಒಂದು ತಾಸಿಗೆ.

ಮಂಡಿಯ ವಿಷಯದಲ್ಲಿ ಪ್ರಬಂಧಕಾರನಿಗೆ ತಕರಾರಿರಲಿಲ್ಲ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಬೆಟ್ಟವನ್ನು ಐವತ್ತೆಂಟನೇ ವಯಸ್ಸಿನಲ್ಲಿ ಹತ್ತಿದವನ ಮಂಡಿ ಇಳಿಯುವಾಗ ನಡುಗದೆ ಇನ್ನೇನು ಮಾಡೀತು? ಹತ್ತುವಾಗ ಉಸಿರೊಂದಿದ್ದರೆ ನಡೆಯುತ್ತದೆ, ಇಳಿಯುವಾಗ ಬ್ರೇಕು ಬೇಕು. ಕರಿಗುಡ್ಡದ ಬೋಳು ಬಂಡೆಯ ಮೇಲೆ ಹೆಜ್ಜೆಹೆಜ್ಜೆಗೂ ತನ್ನ ಎಪ್ಪತ್ತೆಂಟು ಕೆ.ಜಿ.ಯನ್ನು ತಾನೇ ತಡೆದು ಹಿಡಿಯುತ್ತ, ಕಡೆಕಡೆಗೆ ಕೂತು ಜಾರುತ್ತ, ಪ್ಯಾಂಟಿನ ಹಿಂಭಾಗ ಸವೆಸಿಕೊಂಡು ಆತ ಕೆಳಗೆ ಬಂದಾಗ ಹೆಂಡತಿ ವೀರಭದ್ರಸ್ವಾಮಿಯ ದರ್ಶನ ಮುಗಿಸಿ, ನರಸಿಂಹಸ್ವಾಮಿಯ ದರ್ಶನವನ್ನೂ ಮುಗಿಸಿ, ಕಡಲೆಕಾಯಿ ಸುಲಿಯುತ್ತ ಕೂತಿದ್ದರು.

ಸ್ಟೀರಿಂಗಿನ ವಿಷಯ ಬೇರೆ. ರಾಮನಗರದ ದಾರಿಯಲ್ಲಿ ಎಪ್ಪತ್ತರ ವೇಗದಲ್ಲಿದ್ದಾಗ, ಬಣ್ಣ ಅಳಿಸಿಹೋದ ಹಂಪೊಂದು ಎದುರಿಗೆ ಕಂಡಿತು. ಬ್ರೇಕು ಒತ್ತಿದ್ದೇ ತಡ, ಸ್ಟೀರಿಂಗು ಎರಡೂ ಕೈಯಲ್ಲಿ ಗಡಗಡ ಎಂದಿತು. ಮಜ್ಜಿಗೆ ಕಡೆಯುವಾಗ ಕಡಗೋಲು ಗಡಿಗೆಯ ಬಾಯಿಗೆ ಬಡಿದರೆ ಹೇಗೋ ಹಾಗೆ. ಡ್ಯಾಶ್‌ಬೋರ್ಡಿನ ಮೇಲಿದ್ದ ಚನ್ನಪಟ್ಟಣದ ರಾಜ ರಾಣಿ ಸ್ಪ್ರಿಂಗಿನ ಕತ್ತಿನ ಮೇಲೆ ತಲೆಯನ್ನು ಬಿಟ್ಟೂಬಿಡದೆ ಅಲ್ಲಾಡಿಸತೊಡಗಿದರು.

“ರೀ, ರಾಜ ಬೇಡ ಬೇಡ ಅಂತಿದಾನೆ,” ಎಂದರು ಹೆಂಡತಿ.

ರಾಜ ಬೇಡವೆಂದಿದ್ದು ಹೆದ್ದಾರಿಯನ್ನಿರಬೇಕು. ಮೈಸೂರಿಗೆ ವಾಪಸು ಹೋಗಬೇಕಿತ್ತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಸರಿಸಿ ದೌಡಾಯಿಸುತ್ತದೆ. ನಡುಗುವ ಕಾರಿಗೆ ಅದು ತಕ್ಕ ಜಾಗವಲ್ಲ. ಪ್ರಬಂಧಕಾರ ಹಳೆಯ ರಸ್ತೆ ಹಿಡಿದ. ಹಾಗೆ ಹಿಡಿದದ್ದರಿಂದಲೇ ಚನ್ನಪಟ್ಟಣ ಸಿಕ್ಕಿತು.

ಕಾರಿನ ನಡುಕದಲ್ಲೂ ಜ್ವರದ ನಡುಕದ ಹಾಗೆ ಬಗೆಗಳುಂಟು ಎಂಬುದು ಆತನಿಗೆ ಗೊತ್ತಿತ್ತು. ಬ್ರೇಕು ಮುಟ್ಟದೆ ಓಡುವಾಗಲೇ ಅದುರಿದರೆ ಅದು ಬ್ರೇಕಿನ ಪಾಪವಲ್ಲ, ಟೈರು ಮತ್ತು ವೀಲ್ ಬ್ಯಾಲೆನ್ಸಿಂಗ್ ನೋಡಬೇಕು. ಜಲ್ಲಿಯ ಮೇಲೋ ಮಳೆಯಲ್ಲೋ ಗಕ್ಕನೆ ಒತ್ತಿದಾಗ ಪೆಡಲು ಟರ್‌ರ್ ಎಂದು ಅಂಗಾಲಿಗೆ ಒದ್ದರೆ ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವುದು, ಅದಕ್ಕೆ ಹೆದರಿ ಕಾಲು ತೆಗೆಯಬಾರದು. ಬ್ರೇಕು ಒತ್ತಿದಾಗ ಮಾತ್ರ ಸ್ಟೀರಿಂಗು ನಡುಗಿದರೆ ಮುಂದಿನ ಡಿಸ್ಕುಗಳ ಮೇಲೆ ಅನುಮಾನ. ಸೀಟಿನ ಅಡಿಯಿಂದ ನಡುಕ ಬಂದರೆ ಹೆಚ್ಚಾಗಿ ಹಿಂದಿನ ಚಕ್ರಗಳ ಮೇಲೆ. ಸಾಧಾರಣ ಕಾರಿನ ಚಕ್ರ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಓಡುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹನ್ನೆರಡು ಸುತ್ತು, 40ರಲ್ಲಿ ಆರು. ಡಿಸ್ಕಿನಲ್ಲಿ ಒಂದು ದೋಷವಿದ್ದರೆ ಸುತ್ತಿಗೊಂದು ಸಲ ಹೊಡೆಯುತ್ತದೆ. ವೇಗ ಇಳಿದಂತೆ ನಡುಕವೂ ನಿಧಾನವಾಗುತ್ತ ಬಂದರೆ ಕಳ್ಳ ಚಕ್ರದೊಳಗೇ ಇದ್ದಾನೆ ಎಂದರ್ಥ.

ಕಳ್ಳ ಎಲ್ಲಿದ್ದಾನೆಂದು ಗೊತ್ತಿದ್ದೂ ಪ್ರಬಂಧಕಾರ ಪೆಚ್ಚಾಗಿದ್ದ. ಏಕೆಂದರೆ ಏಳು ತಿಂಗಳ ಹಿಂದೆ ಇದೇ ನಡುಕ ಬಂದಿತ್ತು. ಆಗ ಮೈಸೂರಿನ ಒಂದು ಸರ್ವೀಸ್ ಸೆಂಟರಿನಲ್ಲಿ, ಇಸ್ತ್ರಿ ಮಾಡಿದ ಅಂಗಿಯ ಹುಡುಗ ಟ್ಯಾಬ್ ನೋಡುತ್ತ, “ಡಿಸ್ಕ್ ಬೆಂಡಾಗಿದೆ ಸಾರ್, ಎರಡೂ ಚೇಂಜ್ ಮಾಡಿಬಿಡೋಣ,” ಎಂದಿದ್ದ. ಚೇಂಜಾಯಿತು, ದುಡ್ಡೂ ಆಯಿತು. ಒಂದಿಷ್ಟು ತಿಂಗಳು ರಾಜ ರಾಣಿ ಗಂಭೀರವಾಗಿದ್ದರು. ಈಗ ಹೊಸ ಡಿಸ್ಕೂ ಬೆಂಡಾಗಿದೆಯೇ?

ಎರಕದ ಕಬ್ಬಿಣ ಅಷ್ಟು ಸುಲಭಕ್ಕೆ ಬೆಂಡಾಗುವ ಜಾತಿಯದ್ದಲ್ಲ. ರೇಸಿನ ಲೋಕದಲ್ಲಿ ದಶಕಗಟ್ಟಲೆ ಕಾರು ಬಿಚ್ಚಿ ಜೋಡಿಸಿದ ಎಂಜಿನಿಯರ್ ಕ್ಯಾರಲ್ ಸ್ಮಿತ್, ಬಾಗಿದ ಡಿಸ್ಕು ಎಂಬುದು ಬಹುಮಟ್ಟಿಗೆ ಕಟ್ಟುಕತೆ ಎಂದು ಲೇಖನವನ್ನೇ ಬರೆದಿದ್ದ. ಬಾಗಿದಂತೆ ಅನ್ನಿಸುವುದು ದಪ್ಪದ ಏರುಪೇರು. ಪ್ಯಾಡಿನ ದ್ರವ್ಯ ಡಿಸ್ಕಿನ ಮೇಲೆ ಒಂದು ಕಡೆ ಹೆಚ್ಚು ಹತ್ತಿಕೊಂಡರೂ, ಕಬ್ಬಿಣ ಒಂದು ಕಡೆ ಹೆಚ್ಚು ಸವೆದರೂ ಫಲ ಒಂದೇ. 0.02 ಮಿಲಿಮೀಟರ್ ವ್ಯತ್ಯಾಸವಾದರೂ ಕೈಗೆ ಗೊತ್ತಾಗಬಹುದು. ತಲೆಗೂದಲನ್ನು ಉದ್ದಕ್ಕೆ ಮೂರು ಪಾಲು ಸೀಳಿದರೆ ಒಂದು ಪಾಲಿನ ದಪ್ಪ ಅಷ್ಟು.

ಇದನ್ನೆಲ್ಲ ಆತ ಓದಿದ್ದ. ಕಣ್ಣಾರೆ ಕಂಡಿದ್ದು ಮಾತ್ರ ಚನ್ನಪಟ್ಟಣದಲ್ಲಿ, ಅದೂ ಬ್ರೇಕಿಲ್ಲದ ಒಂದು ಕೋಣೆಯಲ್ಲಿ.

ರಾಣಿಯ ಕಿರೀಟದ ತುದಿ ಮುರಿದಿತ್ತು. ಹೊಸ ಜೋಡಿ ಕೊಳ್ಳೋಣವೆಂದು ಹೆಂಡತಿ ಇಳಿದರು. ಅಂಗಡಿಯ ಹಿಂಬದಿಯಲ್ಲೇ ಕಾರ್ಖಾನೆ. ಕಾರ್ಖಾನೆಯೆಂದರೆ ನಾಲ್ಕು ಲೇತು, ಮೊಣಕಾಲಿನವರೆಗೆ ಮರದ ಸಿಪ್ಪೆ, ಗೋಡೆಗೆ ಒರಗಿಸಿದ ಆಲೆ ಮರದ ತುಂಡುಗಳು. ಹಾಲಿನ ಬಣ್ಣದ, ಮೃದುವಾದ, ಎಳೆ ಕಾಣದಷ್ಟು ನುಣುಪಾದ ಮರ ಅದು. ಲೇತಿನ ಮುಂದೆ ಕೂತಿದ್ದ ಹಿರಿಯರು ಒಂದು ತುಂಡನ್ನು ಸಿಕ್ಕಿಸಿ ಮೋಟಾರು ಹಾಕಿದರು. ಉಳಿ ತಾಗಿಸಿದಾಗ ಮೊದಲು ಬಂದ ಸದ್ದು ಟಕಟಕಟಕ. ತುಂಡಿನ ಉಬ್ಬು ಸುತ್ತಿಗೊಂದು ಸಲ ಉಳಿಗೆ ಬಡಿಯುವ ಸದ್ದು. ಪ್ರಬಂಧಕಾರನಿಗೆ ಮೈ ಜುಮ್ಮೆಂದಿತು. ಅದು ಆತನ ಸ್ಟೀರಿಂಗಿನ ತಾಳವೇ. ನಾಲ್ಕಾರು ಸಲ ಉಳಿ ಹೋಗಿ ಬರುವಷ್ಟರಲ್ಲಿ ಟಕಟಕ ಸಣ್ಣಗಾಗಿ, ಸೊರ್ರ್ ಎಂಬ ಒಂದೇ ಎಳೆಯ ಸದ್ದಾಯಿತು. ಹಿರಿಯರು ಮರವನ್ನು ನೋಡುತ್ತಲೇ ಇರಲಿಲ್ಲ. ಕಿವಿಯಲ್ಲೇ ಅಳೆಯುತ್ತಿದ್ದರು.

ಮಜ್ಜಿಗೆ ಕಡೆಯುವುದೂ ಕಡೆಯುವುದೇ, ಮರ ಕಡೆಯುವುದೂ ಕಡೆಯುವುದೇ. ಕನ್ನಡ ಈ ಎರಡಕ್ಕೂ ಒಂದೇ ಮಾತು ಇಟ್ಟುಕೊಂಡಿರುವುದು ಆತನಿಗೆ ಆ ಹೊತ್ತಿಗೆ ಬಹಳ ಹಿತವಾಗಿ ಕಂಡಿತು.

ಆಮೇಲೆ ಬಂತು ಅರಗು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಓಡುವ ಮರಕ್ಕೆ ಒತ್ತಿದರು. ಬೆಂಕಿಯಿಲ್ಲ, ಒಲೆಯಿಲ್ಲ. ಉಜ್ಜಿದ ಬಿಸಿಗೆ ಅರಗು ತಾನಾಗಿ ಕರಗಿ, ಅರಿಸಿನದ ಹಳದಿ ಮರದ ಮೈಮೇಲೆ ಸುತ್ತು ಸುತ್ತಾಗಿ ಏರಿತು. ಬೆಚ್ಚನೆಯ, ಅಂಚೆ ಕಚೇರಿಯ ಹಳೆಯ ಸೀಲಿನಂಥ ವಾಸನೆ. ಕೇದಗೆಯ ಜಾತಿಯ ಗಿಡದ ಒಣಗರಿಯನ್ನು ಮಡಿಚಿ ಮೇಲೆ ಒತ್ತಿ ಹಿಡಿದದ್ದೇ, ಮಬ್ಬು ಹಳದಿ ಕನ್ನಡಿಯಾಯಿತು.

ಟಿಪ್ಪು ಸುಲ್ತಾನ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಸುಬು ಕಲಿಸಿದ ಎನ್ನುವುದು ಚನ್ನಪಟ್ಟಣದ ನಂಬಿಕೆ. ಬಾವಾಸ್ ಮಿಯಾ ಎಂಬವರು ಜಪಾನಿಗೆ ಹೋಗಿ ಅಲ್ಲಿನ ಅರಗಿನ ಕೆಲಸ ನೋಡಿ ಬಂದು ಇಲ್ಲಿಯವರಿಗೆ ಹೇಳಿಕೊಟ್ಟರು ಎನ್ನುವುದು ಇನ್ನೊಂದು. ಪ್ರಬಂಧಕಾರ ಹತ್ತಿಳಿದ ಸಾವನದುರ್ಗ ಅದೇ ಟಿಪ್ಪುವಿನ ಕೈತಪ್ಪಿದ್ದು 1791ರ ಡಿಸೆಂಬರ್ 21ರಂದು, ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಭಾರದ ಫಿರಂಗಿಗಳನ್ನು ಬಂಡೆ ಬಿದಿರುಮೆಳೆಗಳ ನಡುವೆ ಎಳೆತಂದು ಗೋಡೆ ಒಡೆದಾಗ. ಅದೇ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಯಿಂದ ಹಿಂದೆ ಸರಿಯುವಾಗ, ಎಳೆಯಲು ಎತ್ತುಗಳಿಲ್ಲದೆ ಇದೇ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹೋಗಿದ್ದ. ಯುದ್ಧದ ಚರಿತ್ರೆ ಬರೆದವರೆಲ್ಲ ಎಳೆದದ್ದನ್ನು ಬರೆದಿದ್ದಾರೆ. ಇಳಿಜಾರಿನಲ್ಲಿ ತಡೆದದ್ದು ಹೇಗೆಂದು ವಿವರಿಸುವ ತಾಳ್ಮೆ ಯಾರಿಗೂ ಇದ್ದಂತಿಲ್ಲ.

ತಡೆಯುವವರ ಚರಿತ್ರೆ ಬೇರೆಯೇ ಇದೆ, ಅದರಲ್ಲಿ ಫಿರಂಗಿಗಿಂತ ಬೂಟು ಹೆಚ್ಚು. ಇಂಗ್ಲೆಂಡಿನ ಡಾರ್ಬಿಶೈರ್ ಗುಡ್ಡಗಾಡಿನಲ್ಲಿ ಗಾಡಿ ಹೊಡೆಯುವವರು ಇಳಿಜಾರಿನಲ್ಲಿ ಬ್ರೇಕಿನ ದಿಮ್ಮಿಗೆ ಹಳೆಯ ಬೂಟು ಹಚ್ಚುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ನೋಡಿದನಂತೆ. ಬೂಟು ಹಿಡಿದಷ್ಟು ಮರ ಹಿಡಿಯುವುದಿಲ್ಲವೆಂದು ಹೊಳೆದು 1897ರಲ್ಲಿ ಬ್ರೇಕಿನ ಲೈನಿಂಗ್ ಮಾಡುವ ಉದ್ಯಮ ಶುರುಮಾಡಿದ. ತನ್ನ ಹೆಸರಿನ ಅಕ್ಷರಗಳನ್ನೇ ತಿರುವಿ, ಇನ್ನೊಂದು ಸೇರಿಸಿ ಫೆರೋಡೋ ಎಂದು ಹೆಸರಿಟ್ಟ. ನಮ್ಮ ಲಾರಿಗಳ ಹಿಂದೆಯೂ ಹಳೆಯ ಚಪ್ಪಲಿ ನೇತಾಡುತ್ತದೆ. ನಾವು ಅದರಿಂದ ತಡೆಯಹೊರಟಿದ್ದು ದೃಷ್ಟಿಯನ್ನು.

1902ರಲ್ಲಿ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ತಾಮ್ರದ ಪ್ಯಾಡು ಲೋಹದ ತಟ್ಟೆಗೆ ಉಜ್ಜಿ ಕಿರ್ರೋ ಎಂದು ಅರಚುತ್ತಿತ್ತು. ಆ ಅರಚಾಟಕ್ಕೆ ಕಲ್ನಾರು ಸುತ್ತಿ ಮದ್ದು ಮಾಡಿದವನು ಮತ್ತದೇ ಫ್ರೂಡ್. 1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಲೆ ಮಾನ್ಸ್ ರೇಸು ಗೆದ್ದ ಮೇಲೆ ಜಗತ್ತು ಅದನ್ನು ನಂಬಿತು. ನಮ್ಮಲ್ಲಿ ಅಂಬಾಸಿಡರು ಬಹುಕಾಲ ನಾಲ್ಕು ಡ್ರಮ್ಮಿನ ಮೇಲೆಯೇ ಸಂಸಾರ ನಡೆಸಿತು.

ಡ್ರಮ್ಮೋ ಡಿಸ್ಕೋ, ಕೆಲಸ ಒಂದೇ: ಓಟವನ್ನು ಬಿಸಿಯಾಗಿಸುವುದು. 1,200 ಕೆ.ಜಿ.ಯ ಕಾರನ್ನು 80ರ ವೇಗದಿಂದ ಪೂರ್ತಿ ನಿಲ್ಲಿಸಿದರೆ ಹುಟ್ಟುವ ಶಾಖದಲ್ಲಿ ಒಂದು ಲೀಟರ್ ನೀರನ್ನು ಕುದಿ ಹತ್ತಿಸಬಹುದು. ಹಂಪು ಕಂಡಾಗಲೆಲ್ಲ ಮನೆಮಂದಿಗೆ ಕಾಫಿಗಾಗುವಷ್ಟು ಬಿಸಿ ನಾಲ್ಕು ಚಕ್ರಗಳಲ್ಲಿ ಹಂಚಿಹೋಗುತ್ತದೆ, ಮುಂದಿನ ಎರಡಕ್ಕೆ ದೊಡ್ಡ ಪಾಲು. ಆ ಬಿಸಿಯಲ್ಲಿ ರಾಳ ಬೆರೆತ ಪ್ಯಾಡು ತನ್ನದೊಂದು ತೆಳುವಾದ ಪದರವನ್ನು ಡಿಸ್ಕಿನ ಮೇಲೆ ಬಳಿಯುತ್ತ ಹೋಗುತ್ತದೆ. ಹೊಸ ಪ್ಯಾಡು ಹಾಕಿದಾಗ ಈ ಪದರ ಡಿಸ್ಕಿಗೆ ಸಮನಾಗಿ ಹತ್ತಬೇಕು.

ಲೇತಿನ ಮುಂದಿದ್ದ ಹಿರಿಯರಿಗೆ ಪ್ರಬಂಧಕಾರ ಒಂದು ಪ್ರಶ್ನೆ ಹಾಕಿದ. ಕಡ್ಡಿ ಒತ್ತಿ ಹಿಡಿದಿರುವಾಗಲೇ ಲೇತು ನಿಂತರೆ?

“ಓಡೋ ಮರಕ್ಕೆ ಅರಗು ಓಡ್ತದೆ ಸಾಮಿ. ನಿಂತ್ ಮರಕ್ಕೆ ಗಂಟು ಕಟ್ತದೆ,” ಎಂದರು ಅವರು, ಇಂಥದ್ದೂ ಕೇಳುವ ಮಾತೇ ಎಂಬ ಧಾಟಿಯಲ್ಲಿ. “ಆಮ್ಯಾಕೆ ಆ ಗಂಟು ಕೈಗೆ ಸಿಗ್ತಾನೇ ಇರ್ತದೆ.”

ಪ್ರಬಂಧಕಾರನಿಗೆ ಚಾಮುಂಡಿ ಬೆಟ್ಟ ನೆನಪಾಯಿತು. ಪ್ರತಿ ಸಲವೂ ಆತ ಗೇರು ತಗ್ಗಿಸದೆ, ಬ್ರೇಕಿನ ಮೇಲೇ ಕಾಲಿಟ್ಟು ಬೆಟ್ಟ ಇಳಿದು, ಕೆಳಗಿನ ಮೊದಲ ಸಿಗ್ನಲಿನಲ್ಲಿ ಪೆಡಲನ್ನು ಗಟ್ಟಿಯಾಗಿ ಅದುಮಿಕೊಂಡು ನಿಲ್ಲುತ್ತಿದ್ದ. ಕಾದ ಡಿಸ್ಕು, ಕಾದ ಪ್ಯಾಡು, ಸುತ್ತದ ಚಕ್ರ. ಅಷ್ಟು ದಿನ ಆತ ಅರಗು ಬಳಿಯುತ್ತಿದ್ದ.

ಮೈಸೂರಿಗೆ ಬಂದು ಈ ಜ್ಞಾನೋದಯವನ್ನು ಮಂಡಿಮೊಹಲ್ಲಾದ ಮೇಸ್ತ್ರಿಯ ಮುಂದೆ ಹರಡಿದಾಗ ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಜಾಕಿ ಹಾಕಿದರು. “ಅರಗೂ ಇರ್ಬೋದು ಸಾರ್. ಮೊದ್ಲು ಡಿಸ್ಕು ಕೂತಿರೋ ಜಾಗ ನೋಡಾಣ.”

ಚಕ್ರ ಬಿಚ್ಚಿ, ನಟ್ಟುಗಳನ್ನು ಮತ್ತೆ ಬಿಗಿದು, ಡಯಲ್ ಗೇಜಿನ ಮುಳ್ಳನ್ನು ಡಿಸ್ಕಿಗೆ ತಾಗಿಸಿ ಕೈಯಲ್ಲೇ ನಿಧಾನವಾಗಿ ತಿರುಗಿಸಿದರು. ಮುಳ್ಳು ಹೋಗಿ ಬಂತು: 0.11 ಮಿಲಿಮೀಟರ್ ಓಲಾಟ. ಇದು 0.05ರ ಆಸುಪಾಸಿನಲ್ಲಿರಬೇಕು. ಡಿಸ್ಕು ಕಳಚಿದಾಗ ಅದರ ಹಿಂದೆ, ಹಬ್ಬಿನ ಮುಖದ ಮೇಲೆ, ಒಂದು ಮೂಲೆಯಲ್ಲಿ ಹಕ್ಕಳೆಗಟ್ಟಿದ ತುಕ್ಕು. ಏಳು ತಿಂಗಳ ಹಿಂದೆ ಹೊಸ ಡಿಸ್ಕನ್ನು ಆ ತುಕ್ಕಿನ ಮೇಲೇ ಕೂರಿಸಿದ್ದರು. ಕೂತಲ್ಲೇ ಒಂದಿಷ್ಟು ಓರೆಯಾದ ಡಿಸ್ಕು, ಬ್ರೇಕು ಒತ್ತದಿದ್ದಾಗಲೂ ಸುತ್ತಿಗೊಂದು ಸಲ ಪ್ಯಾಡನ್ನು ಸವರುತ್ತ, ಸಾವಿರಾರು ಕಿಲೋಮೀಟರ್‌ನಲ್ಲಿ ಅದೇ ಜಾಗದಲ್ಲಿ ಸವೆಯುತ್ತ ಬಂದಿತ್ತು.

ಆ ತುಕ್ಕಿನ ಹಕ್ಕಳೆ ನೋಡುತ್ತಿದ್ದಂತೆ ಕನಕಪುರದ ಕಡೆಯ ಹಳ್ಳಿಯ ಒಂದು ಬುಗುರಿ ನಲವತ್ತೆಂಟು ವರ್ಷ ದಾಟಿ ಬಂತು. ಜಾತ್ರೆಯಲ್ಲಿ ಕೊಂಡ ಕೆಂಪು ಹಸಿರು ಪಟ್ಟೆಯ ಬುಗುರಿ. ಚಾಟಿ ಸುತ್ತಿ ಬಿಟ್ಟರೆ ನೆಟ್ಟಗೆ ನಿಲ್ಲದೆ ಕುಪ್ಪಳಿಸುತ್ತಿತ್ತು. ಮೈ ಸರಿಯಿಲ್ಲವೆಂದು ಹುಡುಗ ಗಾಜಿನ ಚೂರಿನಲ್ಲಿ ಬೇಸಿಗೆಯಿಡೀ ಹೆರೆದ. ಪಟ್ಟೆ ಹೋಯಿತು, ಬಣ್ಣ ಹೋಯಿತು, ಬುಗುರಿ ನಿಂಬೆಕಾಯಿಯಷ್ಟಾಯಿತು, ಕುಪ್ಪಳಿಸುವುದು ಹೋಗಲಿಲ್ಲ. ಸೋದರಮಾವ ಬಂದವರು ಕೈಗೆತ್ತಿಕೊಂಡು ಒಮ್ಮೆ ನೋಡಿ, “ಮೊಳೆ ಸೊಟ್ಟಗದೆ ಕಣ್ಲಾ,” ಎಂದು ಜಗಲಿಕಲ್ಲಿನ ಮೇಲಿಟ್ಟು ಎರಡೇಟು ಹಾಕಿದರು.

ಮೇಸ್ತ್ರಿ ವೈರ್ ಬ್ರಷ್ಷು, ಎಮರಿ ಕಾಗದದಲ್ಲಿ ಹಬ್ಬನ್ನು ಬೆಳ್ಳಗಾಗಿಸಿದರು. ಸಿಕ್ಕಿಕೊಂಡಿದ್ದ ಕ್ಯಾಲಿಪರ್ ಪಿನ್ನೊಂದನ್ನು ಬಿಡಿಸಿ ಗ್ರೀಸು ಹಚ್ಚಿದರು. ಡಿಸ್ಕಿನ ದಪ್ಪ ಇನ್ನೂ ಅಂಚಿನಲ್ಲಿ ಕೆತ್ತಿದ ಕನಿಷ್ಠ ಅಳತೆಗಿಂತ ಮೇಲಿದ್ದುದರಿಂದ, ಲೇತಿಗೆ ಕೊಟ್ಟು ತೆಳ್ಳಗೆ ಒಂದು ಪದರ ತೆಗೆಸಿ ತಂದು ಜೋಡಿಸಿದರು. ಗೇಜು ಈಗ 0.03 ಎಂದಿತು. ಚಕ್ರದ ನಟ್ಟುಗಳನ್ನು ಗನ್ನಿನಲ್ಲಿ ಗರ್‌ರ್ ಎನ್ನಿಸದೆ, ಎದುರುಬದುರಾಗಿ, ಟಾರ್ಕ್ ರೆಂಚಿನಲ್ಲಿ ಒಂದೇ ಸಮ ಬಿಗಿದರು. ಹೊಸ ಪ್ಯಾಡು ಹಾಕಿ, “ಖಾಲಿ ರೋಡಲ್ಲಿ ಅರವತ್ತರಿಂದ ಹತ್ತಕ್ಕೆ, ನಯವಾಗಿ, ಒಂದೆಂಟತ್ತು ಸಲ ಇಳಿಸಿ. ಮಧ್ಯ ಪೂರ್ತಿ ನಿಲ್ಲಿಸಬೇಡಿ,” ಎಂದರು. ಚನ್ನಪಟ್ಟಣದ ಹಿರಿಯರೂ ಅದನ್ನೇ ಹೇಳುತ್ತಿದ್ದರು.

ಮುಂದಿನ ತಿಂಗಳು ಗಂಡಹೆಂಡತಿ ಮತ್ತೆ ಸಾವನದುರ್ಗದ ಕಡೆ ಹೋದರು. ಈ ಸಲ ಬೆಟ್ಟ ಹತ್ತುವ ಮಾತು ಇಬ್ಬರೂ ಎತ್ತಲಿಲ್ಲ. ಬರುವಾಗ ಅದೇ ರಾಮನಗರದ ದಾರಿ, ಅದೇ ಬಣ್ಣ ಅಳಿಸಿದ ಹಂಪು. ಪ್ರಬಂಧಕಾರ ಬ್ರೇಕು ಒತ್ತಿದ. ಹೊಸ ರಾಜ, ಹೊಸ ರಾಣಿ ಒಮ್ಮೆ ಮುಂದಕ್ಕೆ ಬಾಗಿ, ನೆಟ್ಟಗಾಗಿ, ಸುಮ್ಮನಾದರು.

ಹೆಂಡತಿ ರಾಜನ ತಲೆಯನ್ನು ಬೆರಳಲ್ಲಿ ತಟ್ಟಿ ನೋಡಿದರು. “ರೀ, ಈ ಜೋಡಿ ಸ್ಪ್ರಿಂಗು ಬಿಗಿ ಆಯ್ತೇನೋ. ವಾಪಸ್ ಕೊಟ್ಟು ಬರೋಣ್ವಾ?”