ಸೈಕಲ್ಲಿನ ಜೀರ್ಣೋದ್ಧಾರ

ದೇವಾಲಯಗಳಿಗೆ ಜೀರ್ಣೋದ್ಧಾರವಿರುವುದನ್ನು ಎಲ್ಲರೂ ಬಲ್ಲರು. ಸೈಕಲ್ಲಿಗೂ ಅದುಂಟೆಂದರೆ ವಾಚಕರು ನಗಬಹುದು. ಆದರೂ ಉಡುಪಿಯ ನಮ್ಮ ಮನೆಯ ಜಗಲಿಯಲ್ಲಿ ನನ್ನ ಬಿಡುವೆಲ್ಲವೂ ಅದಕ್ಕೇ ಮೀಸಲು. ಮುಂದೆಯೂ ಹಿಂದೆಯೂ ಸ್ಪ್ರಿಂಗುಳ್ಳ, ಗುಡ್ಡಗಾಡಿನ ಹಳೆಯ ಸೈಕಲ್ಲುಗಳನ್ನು ನಾನು ಸಂಗ್ರಹಿಸುವೆನು. ಈ ಜಾತಿಯೇ ಜೀರ್ಣೋದ್ಧಾರದಿಂದ ಹುಟ್ಟಿದುದು: 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಸೈಕಲ್ಲುಗಳನ್ನು ತಿದ್ದಿಕೊಂಡು ಬೆಟ್ಟವಿಳಿಯತೊಡಗಿದರು. ಹಿಂಚಕ್ರದ ಸ್ಪ್ರಿಂಗು ಹೆಚ್ಚಾಗಿ ಬಳಕೆಗೆ ಬಂದುದು 1990ರ ದಶಕದಲ್ಲಿ.

ನಮ್ಮ ಕರಾವಳಿಯಲ್ಲಿ ಸೈಕಲ್ಲಿಗೆ ಬೇಗನೆ ಮುಪ್ಪು ಬರುವುದು. ಕಡಲಗಾಳಿಯ ಉಪ್ಪು ತೇವವನ್ನು ಹಿಡಿದಿಟ್ಟು ಉಕ್ಕನ್ನು ತಿನ್ನುತ್ತದೆ. 1432ರಿಂದ ಮಳೆಗಾಳಿಗೆ ಮೈಯೊಡ್ಡಿ ನಿಂತಿರುವ ಕಾರ್ಕಳದ ಗೊಮ್ಮಟನ ಯೋಗ ಕಬ್ಬಿಣಕ್ಕೆಲ್ಲಿಯದು?

ಕಾಪುವಿನಿಂದ ತಂದ ಸೈಕಲ್ಲೊಂದನ್ನು ಬಿಚ್ಚಿದಾಗ, ಹಿಂಬದಿಯ ಕೀಲಿನ ಬಳಿ ಕೂದಲೆಳೆಯಷ್ಟು ಬಿರುಕು ಕಂಡಿತು. ಹಳ್ಳದಿಣ್ಣೆಗಳ ಪೆಟ್ಟೆಲ್ಲವೂ ಬಂದು ಸೇರುವ ಸ್ಥಾನವದು. ಮೂಲದ ಬಣ್ಣ ಕೆಡುವುದು, ಮುಟ್ಟಬೇಡಿರೆಂದು ಮಿತ್ರರೊಬ್ಬರು ಹೇಳಿದರು. ಆದರೆ ಅದನ್ನೇರಿ ಮಣಿಪಾಲದ ಇಳಿಜಾರಿನಲ್ಲಿ ಬರಬೇಕಾದವನು ನನ್ನ ಮಗ! ಬಣ್ಣವನ್ನು ಕೆರೆದು, ಬಿರುಕನ್ನು ಪೂರ್ತಿ ಅರೆದು ಬೆಸುಗೆ ಹಾಕಿಸಿದೆನು. ಸವೆದ ಬುಷ್ಷುಗಳ ಬದಲು ಹೊಸತನ್ನು ಕಡೆಸಿದೆನು.

ಅದೇ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ಕಟ್ಟಿಸಿದರು. ಆ ಮನೆಗಳನ್ನು ಕಣ್ಣಿನಿಂದ ನೋಡಿ ಬಂದರೂ ಸಾಕು. ಸೈಕಲ್ಲಾದರೋ ಒಂದು ಜೀವವನ್ನು ಹೊರಬೇಕು.

ಮನೆಯಲ್ಲಿ ಹಳೆಯ ಸೈಕಲ್ಲುಳ್ಳ ಗೃಹಸ್ಥರು ಎಣ್ಣೆ ಬಿಡುವ ಮೊದಲು ಕೀಲುಗಳನ್ನು ಒರೆಸಿ, ಹಗಲ ಬೆಳಕಿನಲ್ಲಿ ಒಮ್ಮೆ ನೋಡಲಿ. ಅದನ್ನೇರುವವರು ನಮ್ಮ ಮಕ್ಕಳೇ ಅಲ್ಲವೆ?