ಒಲೆ ಕಂಡ ಹಾಲು

ನಮ್ಮ ಬೆಳವಣಕಿಯ ಕಡೆ ಹಾಲೆಂದರೆ ಮೊದಲು ಕಣ್ಣ ಮುಂದೆ ಬರುವುದು ಎಮ್ಮೆ. ಎರಿಹೊಲದ ಜೋಳದ ಕಣಿಕೆ, ನೆನೆಸಿದ ಹತ್ತಿಕಾಳು, ಒಂದಿಷ್ಟು ಶೇಂಗಾ ಹಿಂಡಿ, ಬಿಸಿಲೇರಿದ ಮೇಲೆ ಹಳ್ಳದ ನೀರು: ಇಷ್ಟು ಸಿಕ್ಕರೆ ತೃಪ್ತಿಯಿಂದ ಕಣ್ಣು ಮುಚ್ಚಿ ಮೆಲುಕು ಹಾಕುವ ಜೀವ ಅದು. ಅರ್ಧಚಂದ್ರದ ಹಾಗೆ ಬಾಗಿದ ಕೋಡಿನ ನಮ್ಮ ಸೀಮೆಯ ಈ ಎಮ್ಮೆಗೆ 2021ರಲ್ಲಿ ‘ಧಾರವಾಡಿ’ ತಳಿಯೆಂದು ರಾಷ್ಟ್ರಮಟ್ಟದ ಮಾನ್ಯತೆ ಸಿಕ್ಕಿತು. ಧಾರವಾಡ ಫೇಡೆಯ ರುಚಿಯ ಮೂಲವೂ ಇದರ ಹಾಲೇ.

ನಸುಕಿನಲ್ಲಿ ಕರು ಬಿಟ್ಟು, ಎಮ್ಮೆ ಸೊರೆಬಿಟ್ಟ ಮೇಲೆ, ಬರಿದಾದ ಚರಗಿಯ ತಳಕ್ಕೆ ಮೊದಲ ಧಾರೆ ಬಿದ್ದಾಗ ಕೇಳುವ ಸದ್ದೇ ಬೇರೆ. ಚರಗಿ ತುಂಬುತ್ತ ಬಂದಂತೆ ಆ ಸದ್ದು ಮೆತ್ತಗಾಗಿ ನೊರೆಯೊಳಗೆ ಅಡಗುತ್ತದೆ. ಆ ನೊರೆಹಾಲನ್ನು ಅಲ್ಲೇ ನಿಂತು ಗಟಗಟ ಕುಡಿಯುವುದು ಗರಡಿಮನೆಯ ಪೈಲ್ವಾನರ ಪದ್ಧತಿ. ಅಜ್ಜನಿಗೂ ಅದರ ಮೇಲೆ ಜೀವ. ನನ್ನ ಕೈಗೊಂದು ವಾಟಗ ಕೊಡಲು ಹೋದರೆ ಅಡುಗೆಮನೆಯಿಂದ ಅವ್ವನ ದನಿ ಬರುತ್ತಿತ್ತು: “ಹಸಿಹಾಲ ಕೂಸಿಗೆ ಬ್ಯಾಡ್ರಿ ಮಾವಾರ, ಒಲಿ ಮ್ಯಾಲ ಇಡತೇನಿ, ಒಂದುಕ್ಕ ಬರಲಿ.” ಕುಳ್ಳಿನ ಸಣ್ಣ ಉರಿಯಲ್ಲಿ ಕಾದ ಆ ಹಾಲಿಗೆ ಬೆರಳು ದಪ್ಪ ಕೆನೆ, ತುಸು ಹೊಗೆಯ ವಾಸನೆ. ಅದರ ಮುಂದೆ ಯಾವ ಹಾಲೂ ಸಪ್ಪೆಯೇ.

ಅಜ್ಜ, ಅವ್ವ ಇಬ್ಬರ ಮಾತಿಗೂ ಹಳೆಯ ಆಧಾರವಿದೆ. ವಾಗ್ಭಟನ ಆಯುರ್ವೇದ ಗ್ರಂಥ ‘ಅಷ್ಟಾಂಗ ಹೃದಯ’ ಆಗಷ್ಟೇ ಕರೆದ ಬೆಚ್ಚನೆಯ ಹಾಲನ್ನು ಅಮೃತದ ಸಾಲಿಗೆ ಸೇರಿಸುತ್ತದೆ. ಕಾಸದ ಹಾಲು ದೇಹಕ್ಕೆ ಭಾರವೆಂದೂ ಹೇಳುತ್ತದೆ.

ಹಸಿಹಾಲಿಗೆಂದೇ ನಮ್ಮಲ್ಲಿ ಒಂದು ಹಬ್ಬವಿದೆ. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಜೋಕಾಲಿ ಕಟ್ಟುತ್ತಾರೆ, ಉಂಡಿ ಹಂಚುತ್ತಾರೆ. ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿಕೊಂಡು “ಅಪ್ಪನ ಪಾಲ, ಅವ್ವನ ಪಾಲ, ಅಣ್ಣನ ಪಾಲ” ಎನ್ನುತ್ತ ನಾಗಪ್ಪನಿಗೆ ಎರೆಯುತ್ತಾರೆ. ಮನೆಮಂದಿಯನ್ನೆಲ್ಲ ಹೆಸರಿಟ್ಟು ನೆನೆಯುವ ಆ ಗಳಿಗೆ ನನಗೆ ಇಂದಿಗೂ ಪ್ರಿಯ. ಆದರೆ ಕಲ್ಲಿಗೆ ಎರೆದ ಹಾಲಿನ ಬಗ್ಗೆ ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣ ಎತ್ತಿದ ಪ್ರಶ್ನೆ ಇನ್ನೂ ಬಿಸಿಯಾಗಿಯೇ ಇದೆ. ಪಂಚಮಿಯ ದಿನ ಹಾಲನ್ನು ಮಕ್ಕಳಿಗೆ, ರೋಗಿಗಳಿಗೆ ಕುಡಿಸುವ ಮಠಗಳೂ ಸಂಘಟನೆಗಳೂ ಈಗ ನಮ್ಮ ನಾಡಿನಲ್ಲಿವೆ. ಹಾಲು ಯಾರ ಪಾಲು ಎಂಬುದೇ ಹಾಲಿನ ಮೊದಲ ರಾಜಕಾರಣ.

ಎರಡನೆಯ ರಾಜಕಾರಣ ಹುಟ್ಟಿದ್ದು ದೂರದಿಂದ. ಹಿಂಡುವವರೂ ಕುಡಿಯುವವರೂ ಒಂದೇ ಓಣಿಯವರಾಗಿದ್ದಾಗ ಎಮ್ಮೆಯ ಆರೋಗ್ಯ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಪಟ್ಟಣಗಳು ಬೆಳೆದ ಮೇಲೆ ಹಾಲು ಗುರುತಿಲ್ಲದವರ ಬಾಯಿಗೆ ಹೋಗತೊಡಗಿತು. ನ್ಯೂಯಾರ್ಕಿನಲ್ಲಿ ಕೂಸುಗಳ ಸಾವು ಕಂಡು ಮರುಗಿದ ನೇಥನ್ ಸ್ಟ್ರಾಸ್ ಎಂಬ ವರ್ತಕ 1893ರಲ್ಲಿ ಪಾಶ್ಚರೀಕರಿಸಿದ, ಎಂದರೆ ಕ್ರಿಮಿ ಸಾಯುವಷ್ಟು ಕಾಸಿದ, ಹಾಲಿನ ಕೇಂದ್ರ ತೆರೆದ. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರನ್ನು ಕಾಡುತ್ತಿದ್ದ ಜ್ವರದ ಕ್ರಿಮಿಯನ್ನು ವೈದ್ಯ ಡೇವಿಡ್ ಬ್ರೂಸ್ 1887ರಲ್ಲಿ ಗುರುತಿಸಿದ. ಅದು ಆಡಿನ ಹಸಿಹಾಲಿನಿಂದ ಬರುತ್ತದೆಂದು ಅಲ್ಲಿಯವನೇ ಆದ ವೈದ್ಯ ಥೆಮಿಸ್ಟೊಕ್ಲೀಸ್ ಝಾಮಿಟ್ ತೋರಿಸಿಕೊಟ್ಟದ್ದು 1905ರಲ್ಲಿ.

ಅದೇ 1905ರಲ್ಲಿ ನಮ್ಮದೇ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ದೂರದವರಿಗೂ ಹಾಲು ಮುಟ್ಟಬೇಕೆಂದರೆ ಬೇಕಾದವು ಇವೆರಡೇ: ಕ್ರಿಮಿಯ ಅರಿವು ಮತ್ತು ರೈತರ ಒಗ್ಗಟ್ಟು. ಮುಂದೆ ರಾಜ್ಯದಲ್ಲಿ ಬೆಳೆದ ಡೇರಿ ಸಂಘಗಳು ಎರಡನ್ನೂ ಒಂದುಗೂಡಿಸಿದವು. ಹಳ್ಳಿಯ ಕ್ಯಾನಿನಲ್ಲಿ ಹೋದ ಹಾಲು 72 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 15 ಸೆಕೆಂಡು ಹಾಯ್ದು ನಂದಿನಿ ಪಾಕೀಟಾಗುತ್ತದೆ. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಶುರುವಾದ ಮೇಲೆ ಪುಡಿಯಾಗಿ ಸರಕಾರಿ ಶಾಲೆಗೂ ಬಂತು. ಎಮ್ಮೆ ಕಟ್ಟಿದ ಮನೆಯವರು ಇದ್ದ ಹಾಲನ್ನೆಲ್ಲ ಡೇರಿಗೆ ಅಳೆದು, ಮಕ್ಕಳು ಶಾಲೆಯಲ್ಲಿ ಪುಡಿಹಾಲು ಕುಡಿಯುವುದನ್ನು ಕಂಡಾಗ ಸಂಕಟವಾಗುತ್ತದೆ. ಆದರೆ ಎಮ್ಮೆಯೇ ಇಲ್ಲದ ಮನೆಯ ಕೂಸಿನ ಕೈಯಲ್ಲೂ ಅದೇ ಲೋಟ ಇರುತ್ತದಲ್ಲ, ಅದು ಸಣ್ಣ ಮಾತಲ್ಲ.

ಈಗ ಹಸಿಹಾಲಿಗೆ ಹೊಸ ಪ್ರೀತಿ ಹುಟ್ಟಿದೆ. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಅದನ್ನು ಮಾರುವುದಕ್ಕೆ 1987ರಿಂದ ನಿಷೇಧವಿದೆ. ಅಲ್ಲಿ ಕೆಲವರಿಗೆ ಹಸಿಹಾಲು ಕುಡಿಯುವುದು ಸ್ವಾತಂತ್ರ್ಯದ ಪ್ರಶ್ನೆ. ನಮ್ಮ ನಗರಗಳಲ್ಲೂ ಕಾಸದ ಹಾಲೇ ಶುದ್ಧವೆಂದು ನಂಬುವವರು ಹೆಚ್ಚುತ್ತಿದ್ದಾರೆ. ಅವರ ಹಳ್ಳಿಪ್ರೀತಿಯನ್ನು ನಾನು ಗೌರವಿಸುತ್ತೇನೆ, ನಂಬಿಕೆಯನ್ನು ಒಪ್ಪಲಾರೆ. ಮಾಲ್ಟಾದ ಅದೇ ಜ್ವರ ನಮ್ಮ ದನಗಳಲ್ಲಿ ಕಂದುರೋಗವೆಂಬ ಹೆಸರಿನಲ್ಲಿದೆ. ಗಬ್ಬದ ದನ ಕಂದು ಹಾಕುತ್ತದೆ. ಹಾಲಿನ ಮೂಲಕ ಮನುಷ್ಯರಿಗೂ ಹತ್ತಿ, ಬಿಟ್ಟುಬಿಟ್ಟು ಜ್ವರ, ಕೀಲುನೋವು ತರುತ್ತದೆ. ನೋಡಲು ಗಟ್ಟಿಮುಟ್ಟಾಗಿರುವ ಎಮ್ಮೆಯಲ್ಲೂ ಅದು ಅಡಗಿರಬಹುದು.

ನಮ್ಮ ಹಳ್ಳಿಯ ನಿಜವಾದ ಪರಂಪರೆ ಹಾಲನ್ನು ಉಕ್ಕಿಸಿದ ಅವ್ವಂದಿರದು. ಪಾಶ್ಚರನ ಹೆಸರು ಕೇಳದೆಯೂ ಅವರು ಮನೆಮನೆಯ ಕೂಸುಗಳನ್ನು ಕಾಯ್ದರು. ಎಮ್ಮೆ ಕಟ್ಟಿದವರಲ್ಲಿ ನನ್ನದೊಂದು ವಿನಂತಿ: ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಗರುವಿಗೆ ಕಂದುರೋಗದ ಲಸಿಕೆ ಹಾಕಿಸಿ, ಮನೆಯ ಮಕ್ಕಳಿಗೆ ಒಂದು ಲೋಟ ಉಳಿಸಿಕೊಂಡೇ ಡೇರಿಗೆ ಹಾಲು ಅಳೆಯಿರಿ. ಕೊಳ್ಳುವವರು ರೈತನಿಗೆ ತಕ್ಕ ಬೆಲೆ ಕೊಡಿ. ಹಾಲನ್ನು ಮಾತ್ರ ಎಲ್ಲರೂ ಕಾಸಿಯೇ ಕುಡಿಯಿರಿ.